ಎರಡನೆಯ ತೂತಿನ ಉಸಿರು

ನಲವತ್ತಾರನೆಯ ವಯಸ್ಸಿಗೆ ಮೌತ್ ಆರ್ಗನ್ ಕಲಿಯಲು ಕೂತವನನ್ನು ಇಳಕಲ್ಲಿನ ನಮ್ಮ ಓಣಿ ಸುಮ್ಮನೆ ಬಿಟ್ಟೀತೇ? "ಏನ್ರಿ ಮಾಸ್ತರ, ಸಾಲಿ ಬಿಟ್ಟು ಪುಗ್ಗಾ ಮಾರಾಕ ಹೊಂಟ್ರೇನು?" ಎಂದು ಎದುರುಮನೆಯವನು ಕೇಳಿದ. ನಗಲಿ ಬಿಡಿ. ನನ್ನ ಸಿಟ್ಟೆಲ್ಲ ಆ ಹತ್ತು ತೂತಿನ ಪೀಪಿಯ ಮೇಲಿತ್ತು, ಅದರಲ್ಲೂ ಎರಡನೆಯ ತೂತಿನ ಮೇಲೆ.

ನನಗೆ ಬೇಕಿದ್ದದ್ದು ಬ್ಲೂಸ್. ಅಮೆರಿಕದ ಹತ್ತಿಹೊಲಗಳಲ್ಲಿ ದುಡಿದ ಕಪ್ಪುಜನರ ಸಂಕಟದ ಸಂಗೀತ ಅದು. ಅದರಲ್ಲಿ ಊದುವುದಕ್ಕಿಂತ ಉಸಿರನ್ನು ಒಳಗೆ ಎಳೆಯುವುದೇ ಹೆಚ್ಚು. ಎಳೆಯುತ್ತಲೇ ನಾಲಿಗೆಯನ್ನು ಹಿಂದೆ ಸರಿಸಿ ಸ್ವರವನ್ನು ಕೆಳಗೆ ಬಗ್ಗಿಸಬೇಕು. ಆಗ ಅದು ಅಳುತ್ತದೆ. ಫೋನಿನಲ್ಲಿ ಕಲಿಸುವಾತ ಸಲೀಸಾಗಿ ಅಳಿಸುತ್ತಿದ್ದ. ನನ್ನದು ಗಂಟಲು ಕಟ್ಟಿದಂತೆ ಸುಮ್ಮನಾಗುತ್ತಿತ್ತು. ತೂತೇ ಕೆಟ್ಟಿದೆ ಎಂದು ಹಾರ್ಮೋನಿಯಂ ರಿಪೇರಿ ಮಾಡುವ ಚಾಚಾ ಬಳಿ ಒಯ್ದೆ. ಅವರು ಬಿಚ್ಚಿ ನೋಡಿ, ಮತ್ತೆ ಕೂಡಿಸಿ ನಕ್ಕರು. "ಪೀಪಿ ಚಲೋ ಐತ್ರಿ. ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ."

ಕಲಿಯಲು ಇದು ನನ್ನ ಎರಡನೆಯ ಪ್ರಯತ್ನ. ಮೊದಲನೆಯದನ್ನು ಮೂರು ವರ್ಷದ ಹಿಂದೆ, ಅಪ್ಪ ಹೋದ ದಿನವೇ ಬಿಟ್ಟಿದ್ದೆ.

ಅಪ್ಪ ನೇಕಾರ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತು ಬಾಳೆಲ್ಲ ಸೀರೆ ನೇಯ್ದವನು. ಕೊನೆಯ ವರ್ಷಗಳಲ್ಲಿ ದಮ್ಮು ಹತ್ತಿತ್ತು. ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹಿಡಿದು ಕರೆಯುವುದಿಲ್ಲ. ಅಪ್ಪ ಅವ್ವನನ್ನು "ಏ, ಇಲ್ಲಿ ಕೇಳ" ಎಂದೇ ಕರೆದವನು. ದಮ್ಮು ಬಂದ ಮೇಲೆ ಅದೂ ನಿಂತಿತು. ಮಗ್ಗದ ಸಪ್ಪಳ ನಿಂತು, ಅಪ್ಪ ಉಸಿರು ಎಳೆದುಕೊಳ್ಳುವ ಶಬ್ದ ಕೇಳಿದರೆ ಸಾಕು, ಅಡುಗೆಮನೆಯಿಂದ ಅವ್ವ "ಬಂದ್ನಿರಿ" ಅನ್ನುತ್ತ ಬಿಸಿನೀರಿನ ತಂಬಿಗೆ ಹಿಡಿದು ಬರುತ್ತಿದ್ದಳು. ಅವಳನ್ನು ಕರೆಯುವ ಬಗೆಯೇ ಅದಾಗಿತ್ತು.

ಆ ದಿನ ಅವ್ವ ಹುನಗುಂದಕ್ಕೆ, ತನ್ನ ತಂಗಿಯ ಮನೆಗೆ ಹೋಗಿದ್ದಳು. "ಅಪ್ಪನ ಕಡೆ ಕಿವಿ ಇರ್ಲಿ" ಎಂದು ಹೇಳಿಯೇ ಹೋಗಿದ್ದಳು. ನಾನು ಒಳಕೋಣೆಯಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪೀಪಿಯ ಪಾಠ ಕೇಳುತ್ತಿದ್ದೆ. ಹೊರಬಂದಾಗ ಅಪ್ಪ ಮಗ್ಗದ ಮೇಲೆ ಒರಗಿದ್ದ, ಮೈ ತಣ್ಣಗಾಗುತ್ತಿತ್ತು. ಅವ್ವ ಬಂದವಳು ಅಳುವ ಮೊದಲು ಕೇಳಿದ್ದು ಒಂದೇ: "ಕರದ್ರೇನು?"

"ಇಲ್ಲವ್ವಾ" ಅಂದೆ. ಎಂಥ ಪಾಪಿ ನಾನು!

ಅಂದಿನಿಂದ ಅವ್ವ ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಾಳೆ: "ಒಂದ ಸಲ ಕರೀಲಾರ್ದ ಹೋಗಿಬಿಟ್ರು ನೋಡ್ರಿ." ಕೇಳಿದಾಗಲೆಲ್ಲ ನಾನು ಚಪ್ಪಲಿ ಮೆಟ್ಟಿ ಓಣಿಗೆ ಇಳಿಯುತ್ತಿದ್ದೆ. ಮಗ್ಗದ ಮೇಲಿನ ಅರ್ಧ ಸೀರೆಯನ್ನು ಅವಳು ಇಂದಿಗೂ ಕೊಯ್ಯಲು ಬಿಟ್ಟಿಲ್ಲ. ನೂಲಿನ ಲಾಳಿ ಸರಿದ ಸಪ್ಪಳ ಕೇಳಿದಂತಾಗಿ ನಾನು ಎಷ್ಟೋ ಮಧ್ಯಾಹ್ನ ಎದ್ದು ಹೋಗಿ ನೋಡಿದ್ದೇನೆ.

ಕಳೆದ ರವಿವಾರ ಮಗ್ಗದ ಪಕ್ಕದಲ್ಲೇ ಕೂತು ಎರಡನೆಯ ತೂತನ್ನು ಎಳೆಯುತ್ತಿದ್ದೆ. ದವಡೆ ಸಡಿಲಾಯಿತೋ ಏನೋ, ಸ್ವರ ಒಮ್ಮೆಲೇ ಬಗ್ಗಿತು. ಬಗ್ಗಿ, ಸಣ್ಣಗೆ ಕುಂಯ್ ಎಂದು ಎಳೆಯಿತು. ಅದು ಅಪ್ಪನ ಉಸಿರು.

"ಬಂದ್ನಿರಿ" ಅಂದಳು ಅವ್ವ, ಅಡುಗೆಮನೆಯಿಂದ.

ತಂಬಿಗೆ ಹಿಡಿದು ಬಂದವಳು ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ನೀರು ಹಬೆಯಾಡುತ್ತಿತ್ತು. ಇನ್ನು ಸುಳ್ಳು ಕಾಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಅವ್ವಾ, ಅವತ್ತ ಅಪ್ಪ ಕರದನೋ ಇಲ್ಲೋ ನನಗ ಗೊತ್ತಿಲ್ಲ. ಕಿವಿ ಮುಚ್ಕೊಂಡು ಇದನ್ನ ಕೇಳ್ಕೋತ ಕುಂತಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಂಬಿಗೆಯನ್ನು ಮೊದಲು ಇಡುತ್ತಿದ್ದ ಜಾಗದಲ್ಲೇ ಇಟ್ಟು, ಕುಣಿಯ ಅಂಚಿಗೆ ಕೂತಳು.

"ಕರದಿರ್ತಾರ" ಅಂದಳು. "ಮತ್ತೊಮ್ಮಿ ಎಳಿ. ಈ ಸಲ ನೀನೂ ಕೇಳು."