ಬಾಯಿಲ್ಲದ ವಂಡಿಗೆ ಮೊದಲ ಮೇವು

ನಮ್ಮ ಮನೆಗೆ ಹೊಸ ಎತ್ತು ಬಂದರೆ ಮೊದಲ ಹಿಡಿ ಮೇವನ್ನು ಹಿರಿಯರೇ ತಿನ್ನಿಸಬೇಕು. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದಾಗಲೂ ಈ ಪದ್ಧತಿ ಬಿಡಲಿಲ್ಲ. ದೊಡ್ಡಪ್ಪ ಟವಲಿನಲ್ಲಿ ಕೈ ಒರೆಸಿಕೊಂಡು ಮೊದಲ ಡೀಸೆಲ್ಲನ್ನು ತಾವೇ ಸುರಿದಿದ್ದರು. ಹಾಗಾಗಿ ನಾನು ಹೊಸ ಲೋಡ್ ಆಟೊ ತಂದ ದಿನವೂ ಕ್ಯಾನು ಹಿಡಿದು ಬಂದರು. ಇದು ಕರೆಂಟಿನಲ್ಲಿ ಓಡುವುದು ಎಂದು ಮೊದಲೇ ಹೇಳಿದ್ದೆ. ಆದರೂ ಒಂದಿಷ್ಟು ಎಣ್ಣೆ ಬೇಕೇ ಬೇಕು ಎಂದುಕೊಂಡಿದ್ದರಂತೆ. ಗಾಡಿಗೆ, ನಮ್ಮ ಬಾಯಲ್ಲಿ ವಂಡಿಗೆ, ಎರಡು ಸುತ್ತು ಬಂದರು. ಟ್ಯಾಂಕಿನ ಮುಚ್ಚಳ ಎಲ್ಲೂ ಇಲ್ಲ. ಬೀದಿಯವರು ನಕ್ಕರು. ನಾನೂ ನಕ್ಕೆ. ಅದು ನನ್ನ ತಪ್ಪು.

"ಬಾಯಿಲ್ದ ವಂಡಿಗೆ ನಾನೆಂಗವ್ವಾ ಮೇವಿಕ್ಕದು?" ಎಂದವರೇ ಕ್ಯಾನು ಎತ್ತಿಕೊಂಡು ಹೊರಟುಹೋದರು.

ದೊಡ್ಡಪ್ಪ ಮೇವಿಡದ ಗಾಡಿಗೆ ತಮಿಳು ಸೀಮೆಯ ಹನುಮಂತನಪಟ್ಟಿಯಲ್ಲಿ, ಕನ್ನಡ ಮಾತಾಡುವ ನಮ್ಮ ಬೀದಿಯಲ್ಲಿ ಒಬ್ಬರೂ ದ್ರಾಕ್ಷಿ ಪೆಟ್ಟಿಗೆ ಹಾಕಲಿಲ್ಲ. ಹತ್ತು ವರ್ಷ ನನ್ನ ಹಳೆಯ ಡೀಸೆಲ್ ಆಟೊಗೆ ಕೂಗಿ ಕೂಗಿ ಲೋಡು ಹಾಕಿದವರು ಈಗ ಮುಖ ತಿರುಗಿಸಿಕೊಂಡರು. ಅನ್ನವೇ ನಿಂತುಹೋಗುವ ಮಾತಿದು. ಗಾಡಿ ವಾಪಸ್ ಕೊಟ್ಟುಬಿಡು ಎಂದು ಅಮ್ಮನೂ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹತ್ತು ವರ್ಷವೂ ಡೀಸೆಲ್ ಹೊಗೆ ಕುಡಿದು ಕೆಮ್ಮಿದವಳು ನಾನು, ಇವರಲ್ಲ. ಹಣ್ಣು ಹೊಸದೆಂದು ತೋರಿಸುವ ಮೇಲಿನ ಬಿಳಿ ಪುಡಿ ಆ ಗಾಡಿಯ ನಡುಕಕ್ಕೆ ಉದುರಿ, ಅದರ ಮೇಲೆ ಮಸಿ ಕೂತು, ಚಿನ್ನಮನೂರಿನ ಮಂಡಿಯಲ್ಲಿ ಬೈಗುಳ ಕೇಳಿದವಳೂ ನಾನೇ. ಕೊಡುವುದಿಲ್ಲ ಎಂದೆ. ಮಂಡಿಯ ಮುಂದೆ ಬೇರೆ ಊರಿನವರ ಬಾಳೆಗೊನೆ, ಕೊತ್ತಂಬರಿ ಹೇರಿಕೊಂಡು ದಿನ ದೂಡಿದೆ. ಅಲ್ಲಿ, ಗಾಡಿಗೆ ಚಾರ್ಜು ಹಾಕುವುದನ್ನು ಕಂಡಿದ್ದ ಲಾರಿಯವನೊಬ್ಬ ತಮಿಳಿನಲ್ಲಿ, "ಎನ್ನಕ್ಕಾ, ಇದು ವಂಡಿಯಾ, ಫೋನಾ?" ಎಂದು ಕೆಣಕಿದ. ಫೋನೇ ಕಣಪ್ಪ, ನಿನ್ನ ಲಾರಿಯ ಹಾಗೆ ಕೆಮ್ಮುವುದಿಲ್ಲ ಎಂದು ಅವನ ಭಾಷೆಯಲ್ಲೇ ಹೇಳಿ ಮುಂದೆ ಹೋದೆ.

ಅಷ್ಟರಲ್ಲಿ ಮಾಟ್ಟುಪ್ಪೊಂಗಲ್ ಬಂತು. ದನಗಳ ಹಬ್ಬ. ಕಂಬಂನಲ್ಲಿ ನಮ್ಮ ಜನ ದೇವರಿಗೆ ಬಿಟ್ಟ ದನದ ಮಂದೆಯೊಂದಿದೆ. ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಹಬ್ಬದ ದಿನ ನಮ್ಮ ಬೀದಿಯಿಂದ ಅವಕ್ಕೆ ಕಬ್ಬು ಹೋಗುತ್ತದೆ. ಈ ಸಲ ನನ್ನ ಗಾಡಿಯಲ್ಲೂ ಒಯ್ಯುತ್ತೇನೆ ಎಂದು ಎಲ್ಲರ ಮುಂದೆ ಹೇಳಿದೆ.

"ದೇವ್ರ ಕಬ್ಬು ನಡ್ದಾರೀಲಿ ನಿಂತ್ಬುಟ್ರೆ?" ಎಂದರು ದೊಡ್ಡಪ್ಪ.

"ನಿಂತ್ರೆ ಆ ದಿನವೇ ವಂಡಿ ವಾಪಸ್ ಕೊಡ್ತೀನಿ ದೊಡ್ಡಪ್ಪಾ."

ಬಾಯಿ ತಪ್ಪಿ ಬಂದ ಮಾತಲ್ಲ, ಬೇಕೆಂದೇ ಆಡಿದ್ದು. ಚಿಕ್ಕಪ್ಪನ ಮಕ್ಕಳಿಗೆ ಅಷ್ಟು ಸಾಕಾಯಿತು. ಯಾವ ವರ್ಷವೂ ಹೇರದಷ್ಟು ಕಬ್ಬನ್ನು ನನ್ನ ಗಾಡಿಗೆ ಹೇರಿದರು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಹೊರಟ ಸ್ವಲ್ಪ ಹೊತ್ತಿಗೇ ಚಾರ್ಜು ಸರಸರ ಇಳಿಯತೊಡಗಿತು. ಉತ್ತಮಪಾಳ್ಯ ದಾಟುವಾಗ ಅರ್ಧಕ್ಕಿಂತ ಕೆಳಗೆ. ಹಿಂದಿದ್ದ ದೊಡ್ಡಪ್ಪನ ಟ್ರ್ಯಾಕ್ಟರ್ ಹಾರನ್ ಹೊಡೆಯುತ್ತ ನನ್ನನ್ನು ದಾಟಿತು. ಮೇಲೆ ಕೂತಿದ್ದ ಚಿಕ್ಕಪ್ಪನ ಮಗ, "ತಳ್ಳಕ್ಕೆ ಆಳ್ ಬೇಕಾಕ್ಕಾ?" ಎಂದು ಕೂಗಿದ. ಆದರೂ ಅವಸರ ಮಾಡಲಿಲ್ಲ. ಸೈಕಲ್ಲಿನವರೂ ನನ್ನನ್ನು ಹಿಂದೆ ಹಾಕುವಷ್ಟು ನಿಧಾನಕ್ಕೆ, ಚಾರ್ಜು ಉಳಿಸಿಕೊಂಡು ಹೋದೆ.

ಕಂಬಂ ತಲುಪಿದಾಗ ಟ್ರ್ಯಾಕ್ಟರ್ ಬೀದಿಯ ತುದಿಯಲ್ಲೇ ನಿಂತಿತ್ತು. ಪ್ರತಿ ವರ್ಷದ ಪಾಡು. ಎಂಜಿನ್ನಿನ ಸದ್ದಿಗೆ ಮಂದೆ ಬೆದರುತ್ತದೆ, ಆದ್ದರಿಂದ ದೂರದಲ್ಲಿ ನಿಲ್ಲಿಸಿ ಕಬ್ಬನ್ನು ತಲೆಯ ಮೇಲೆ ಹೊರಬೇಕು. ಗಂಡಸರು ಬೆವರು ಸುರಿಸುತ್ತ ಹೊರುತ್ತಿದ್ದರು. ನಾನು ಸದ್ದಿಲ್ಲದ ನನ್ನ ಗಾಡಿಯಲ್ಲಿ ಅವರ ಪಕ್ಕದಲ್ಲೇ ಮುಂದೆ ಹೋದೆ. ದೊಡ್ಡಪ್ಪ "ಏಯ್, ಬೇಡ, ಬೇಡ" ಎಂದು ಕೈ ಬೀಸಿದರು. ಕೇಳಿಸಿದರೂ ಕೇಳಿಸದವಳಂತೆ ಮಂದೆಯ ಹತ್ತಿರಕ್ಕೇ ಹೋಗಿ ನಿಲ್ಲಿಸಿದೆ. ಒಂದು ದನವೂ ಕದಲಲಿಲ್ಲ. ಕೆಂಪು ಹಸುವೊಂದು, ಕರ್ಪೂರ ಹಚ್ಚುವುದಕ್ಕೂ ಕಾಯದೆ, ಗಾಡಿಯಿಂದಲೇ ಒಂದು ಕಬ್ಬನ್ನು ಎಳೆದುಕೊಂಡು ಅಗಿಯತೊಡಗಿತು. ದೇವರ ದನ. ಅದಕ್ಕೆ ಯಾರು ಏನು ಹೇಳುತ್ತಾರೆ? ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ದಿನ ನನ್ನನ್ನು ಕಾಯಿಸಿದ್ದರಲ್ಲ ಎಂದು.

ಹೋದದ್ದೇನೋ ಹೋದೆ, ವಾಪಸ್ ಬರಲು ಚಾರ್ಜು ಸಾಲದು. ಇದನ್ನು ಮುಚ್ಚಿಡುವುದಿಲ್ಲ. ಪಕ್ಕದಲ್ಲೇ ನೆಂಟರ ಮನೆ ಇತ್ತು. ಅವರ ಕಿಟಕಿಯಿಂದ ವೈರು ಎಳೆದೆ. ಚಿಕ್ಕಪ್ಪನ ಮಕ್ಕಳು ಹೋ ಎಂದು ನಕ್ಕರು. "ನಗ್ರೋ. ನಿಮ್ ಎತ್ತು ಮೇಯ್ದೆ ನಡೀತಿತ್ತಾ?" ಎಂದೆ.

ಆಗ ದೊಡ್ಡಪ್ಪ ಬಂದರು. ಹೆಗಲ ಮೇಲಿನ ಟವಲು ತೆಗೆದು ನಿಧಾನವಾಗಿ ಎರಡೂ ಕೈ ಒರೆಸಿಕೊಂಡರು.

"ಬಾಯೆಲ್ಲೈತೆ ಇದುಕ್ಕೆ?"

ಸೀಟಿನ ಕೆಳಗಿನ ಮುಚ್ಚಳ ತೆಗೆದು ತೋರಿಸಿದೆ. ವೈರನ್ನು ನನ್ನ ಕೈಯಿಂದ ತೆಗೆದುಕೊಂಡು ಚುಚ್ಚಿದರು. ತಲೆಕೆಳಗಾಯಿತು. ಮತ್ತೆ ಚುಚ್ಚಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಈ ಸಲ ನಗಲೂ ಇಲ್ಲ. ಮೂರನೆಯ ಸಲ ಕೂತಿತು. ಹಸಿರು ದೀಪ ಹತ್ತಿತು.

"ತಿಂತೈತಾ?"

"ತಿಂತೈತೆ ದೊಡ್ಡಪ್ಪಾ."

ಅವರು ದೀಪವನ್ನೇ ನೋಡುತ್ತ ನಿಂತರು. ಆಮೇಲೆ, ಎಲ್ಲರಿಗೂ ಕೇಳಿಸುವ ಹಾಗೆ, "ನಾಳೆ ನಮ್ ತೋಟ್ದಾಗೆ ಹಣ್ಣು ಕೀಳ್ತಾರೆ. ಐದ್ ಗಂಟೆಗೆ ವಂಡಿ ತಕ್ಕಂಡ್ ಬಾ" ಎಂದರು.

"ಆರಕ್ಕೆ ಬರ್ತೀನಿ. ಅದು ಹೊಟ್ಟೆ ತುಂಬ ತಿನ್ಲಿ" ಎಂದೆ.