ಹಲ್ಲು ಡಾಕ್ಟರರ ಕಿವಿ

ಬೆಳಗಿನ ಐದೂ ಮುಕ್ಕಾಲು. ಶೆಡ್ಡಿನ ತಗಡಿನ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಬಿಳಿ ಪಿಕಪ್ ಗಾಡಿಯೊಂದರ ಹಿಂಬದಿ ಎರಡು ಸ್ಟ್ಯಾಂಡುಗಳ ಮೇಲೆ ಕೂತಿದೆ, ಚಕ್ರಗಳು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿವೆ. ಹಿಂದೆ ಮಂಡಿಯೂರಿರುವ ಅರವತ್ತೊಂದರ ಮನುಷ್ಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ ನಡುವಿನ ಗುಂಡು ಡಬ್ಬಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿಕೊಂಡಿದ್ದಾರೆ. ಉಸಿರು ಬಿಗಿಹಿಡಿದಿದೆ.

"ಊಂ ಅಂತಿದೆ," ಎನ್ನುತ್ತಾರೆ.

ಸ್ಟೀರಿಂಗ್ ಹಿಡಿದು ಕೂತ ಗಾಡಿಯ ಒಡತಿ ಕಿಟಕಿಯಿಂದ ತಲೆ ಹೊರಹಾಕುತ್ತಾಳೆ. "ನನಗೇನೂ ಕೇಳಿಸ್ತಿಲ್ಲ ಅಣ್ಣ."

"ಇಂಜಿನ್ ಆರಿಸು."

ಇಂಜಿನ್ ಆರುತ್ತದೆ. ಚಕ್ರಗಳು ನಿಲ್ಲುತ್ತವೆ. ಸ್ಕ್ರೂಡ್ರೈವರ್ ಮಾತ್ರ ಕಿವಿಯಿಂದ ಕದಲುವುದಿಲ್ಲ. ಅವರ ಮುಖ ಕಪ್ಪಿಡುತ್ತದೆ. ಆ ಊಂಕಾರ ಇನ್ನೂ ಇದೆ.

ಬೀದಿಯ ಬಾಯಲ್ಲಿ ಇವರು ಹಲ್ಲು ಡಾಕ್ಟ್ರು. ನೋಡುವುದು ಬಾಯೊಳಗಿನ ಹಲ್ಲನ್ನಲ್ಲ, ಗಾಡಿಯ ಹಿಂದಿನ ಗೇರುಗಳ ಹಲ್ಲನ್ನು. ಒಮ್ಮೆ ಅಜ್ಜಿಯೊಬ್ಬರು ದವಡೆ ಹಿಡಿದುಕೊಂಡು ಬಂದು ಇವರ ಮುಂದೆ ಆ ಅಂತ ಬಾಯಿ ತೆರೆದದ್ದುಂಟು. ಚಹಾ ಕುಡಿಸಿ, ಸರಿಯಾದ ವಿಳಾಸ ಹೇಳಿ ಕಳಿಸಿದರಂತೆ. ಮೂವತ್ತೆಂಟು ವರ್ಷಗಳಿಂದ ಇದೊಂದೇ ಕೆಲಸ. ಇಂಜಿನ್ ಮುಟ್ಟುವುದಿಲ್ಲ, ಬಣ್ಣ ಬಳಿಯುವುದಿಲ್ಲ. ಬೇರೆ ಗ್ಯಾರೇಜಿನವರು ಕೈಚೆಲ್ಲಿದ ಡಿಫರೆನ್ಷಿಯಲ್‌ಗಳು, ಅಂದರೆ ಎರಡೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಆ ಗುಂಡು ಡಬ್ಬಿಗಳು, ಕೊನೆಗೆ ಇಲ್ಲಿಗೆ ಬರುತ್ತವೆ. ಗಾಡಿ ಓಡಿದರೆ ಹೆಸರು ಆ ಗ್ಯಾರೇಜಿನದು.

ಬಿಳಿ ಪಿಕಪ್ಪಿನ ಕಥೆ ಒಂದು ಜೇಡಿಮಣ್ಣಿನ ಏರಿನದು. ಏರಿನ ಮೇಲೆ ನಲವತ್ತು ಮನೆ. ಒಡತಿ ದಿನಕ್ಕೆ ನಾಲ್ಕು ಸಲ ಹತ್ತಿಳಿಯುತ್ತಾಳೆ: ಗ್ಯಾಸ್ ಸಿಲಿಂಡರು, ದನದ ಮೇವು, ಶಾಲೆಯ ಮಕ್ಕಳು. ವಾರಕ್ಕೆ ಮೂರು ಬೆಳಗ್ಗೆ ಡಯಾಲಿಸಿಸ್‌ಗೆ ಹೋಗುವ ಮೇಷ್ಟ್ರೊಬ್ಬರು. ಕಳೆದ ವರ್ಷದ ಮಳೆಗಾಲದಲ್ಲಿ ಗಾಡಿ ನಡು ಏರಿನಲ್ಲಿ ಹೂತು, ಆಸ್ಪತ್ರೆಯಿಂದ ಸುಸ್ತಾಗಿ ಮರಳುತ್ತಿದ್ದ ಮೇಷ್ಟ್ರು ಎರಡು ಗಂಟೆ ಒಳಗೇ ಕೂತಿದ್ದರು.

"ಒಂದು ಚಕ್ರ ಕೆಸರಲ್ಲಿ ಬುರ್ರ್ ಅಂತ ತಿರುಗ್ತಿತ್ತು. ಇನ್ನೊಂದು ಗಟ್ಟಿ ಕಲ್ಲಿನ ಮೇಲೆ ತೆಪ್ಪಗೆ ಕೂತಿತ್ತು," ಎನ್ನುತ್ತಾಳೆ ಒಡತಿ. "ಕಲ್ಲಿನ ಮೇಲಿರೋದು ತಿರುಗಬಾರದಾ? ನನಗೆ ಅರ್ಥವೇ ಆಗ್ಲಿಲ್ಲ."

ಡಾಕ್ಟ್ರು ವಿವರಿಸುತ್ತಾರೆ: "ಹಳೇ ಡಿಫರೆನ್ಷಿಯಲ್ಲು ಅಳೋ ಮಗೂಗೇ ಎಲ್ಲಾ ಮಿಠಾಯಿ ಕೊಡೋ ತಾಯಿ ಇದ್ದ ಹಾಗೆ. ಯಾವ ಚಕ್ರ ಜಾರುತ್ತೋ ಶಕ್ತಿ ಅದಕ್ಕೇ. ಈಗ ನಿನ್ನ ಗಾಡಿಗೆ ಹಾಕಿರೋ ಹೊಸದರೊಳಗೆ ತಟ್ಟೆಗಳ ಒಂದು ಕಟ್ಟು ಇರುತ್ತೆ. ಅದು ಎರಡು ಮಕ್ಕಳ ಕೈಯನ್ನೂ ಹಿಡ್ಕೊಂಡಿರುತ್ತೆ, ಒಂದನ್ನೇ ಓಡೋಕೆ ಬಿಡಲ್ಲ."

ಹೊಸದನ್ನು ಕೂರಿಸಲು ಎರಡು ದಿನ. ಹಲ್ಲಿಗೂ ಹಲ್ಲಿಗೂ ನಡುವಿನ ಸಂದು ಒಂದು ಕೂದಲೆಳೆಯಷ್ಟೇ ಇರಬೇಕು. ಬಿಗಿಯಾದರೆ ಹಲ್ಲು ಸುಡುತ್ತದೆ, ಸಡಿಲವಾದರೆ ಕೂಗುತ್ತದೆ. ಹಲ್ಲಿಗೆ ಹಳದಿ ಬಣ್ಣ ಸವರಿ ತಿರುಗಿಸಿ ಗುರುತು ನಡುಮಧ್ಯೆ ಬಿತ್ತೇ ಎಂದು ನೋಡುತ್ತಾರೆ. ಬಿದ್ದಿತ್ತು. ಆದರೂ ಊಂ. ಸೋಮವಾರ ಮುಚ್ಚಿದ ಡಬ್ಬಿಯನ್ನು ಮಂಗಳವಾರ ಬಿಚ್ಚಿದರು. ಗುರುತು ಮತ್ತೆ ನಡುಮಧ್ಯೆಯೇ. ಎಣ್ಣೆ ತುಂಬಿಸಿ ಮುಚ್ಚಿದರು. ನೇರ ರಸ್ತೆಯಲ್ಲಿ ಎರಡು ಮೈಲಿ ಓಡಿಸಿ ನೋಡಿದರೂ ಊಂ.

ಇವತ್ತು ಬುಧವಾರ. ಹತ್ತು ಗಂಟೆಗೆ ಮೇಷ್ಟ್ರು ಏರಿನ ಮೇಲೆ ಕಾಯುತ್ತಿರುತ್ತಾರೆ. ಆಕಾಶ ಆಗಲೇ ಹನಿಯುತ್ತಿದೆ.

"ಇಂಜಿನ್ ಆರಿದ ಮೇಲೂ ಸದ್ದು ಬಂದ್ರೆ ಅದು ಎಲ್ಲಿಂದ ಬರ್ಬೇಕು?" ಎಂದು ಡಾಕ್ಟ್ರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಉತ್ತರ ಗೊತ್ತು, ಒಪ್ಪಲು ಮನಸ್ಸಿಲ್ಲ. ಕೆಲವು ತಿಂಗಳಿಂದ ದಿಂಬಿಗೆ ತಲೆಯಿಟ್ಟರೂ ಅದೇ ಊಂ. ಹಾಗಾದರೆ ಈ ತಿಂಗಳುಗಳಲ್ಲಿ ಕಳಿಸಿದ ಗಾಡಿಗಳ ಗತಿಯೇನು? ಕೇಳಿಸಿದ್ದು ಇತ್ತೋ, ಇದ್ದದ್ದು ಕೇಳಿಸಲಿಲ್ಲವೋ? ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಮೇಲೇಳುತ್ತಾರೆ.

ಶೆಡ್ಡಿನ ಹಿಂದೆಯೇ ಮನೆ. ಮುಂದಿನ ಕೋಣೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುತ್ತಾರೆ. ಅವರನ್ನು ಕರೆಯಲು ಡಾಕ್ಟ್ರು ಬಾಗಿಲ ತನಕ ಹೋಗಿ ಎರಡು ಸಲ ಹಿಂತಿರುಗುತ್ತಾರೆ. ಮೂರನೆಯ ಸಲ ಹೆಂಡತಿಯೇ ತಲೆಯೆತ್ತುತ್ತಾರೆ.

"ಏನ್ರೀ?"

"ಸ್ವಲ್ಪ ಗಾಡೀಲಿ ಕೂತ್ಕೋತೀಯಾ? ಕಿವಿ ಬೇಕಿತ್ತು."

"ಬೆಳಿಗ್ಗೆಯಿಂದ ಮೂರು ಸಲ ಚಹಾ ಬೇಕಾ ಅಂತ ಕೇಳ್ದೆ. ಮೂರು ಸಲಾನೂ ಇನ್ನೇನೋ ಕೇಳಿಸ್ಕೊಂಡು 'ಕಟ್ಟಿಟ್ಟಿದೀನಿ' ಅಂದ್ರಿ," ಎನ್ನುತ್ತಾರೆ ಆಕೆ, ದಾರ ಕತ್ತರಿಸುತ್ತಾ. "ನನ್ನ ಸಹಾಯ ಯಾವಾಗ ಕೇಳ್ತೀರೋ ಅಂತ ಕಾಯ್ತಿದ್ದೆ."

ಸ್ಟ್ಯಾಂಡು ತೆಗೆದು ಗಾಡಿ ಇಳಿಸುತ್ತಾರೆ. ಹೆಂಡತಿ ಹಿಂದಿನ ತೊಟ್ಟಿಯಲ್ಲಿ, ಸರಿಯಾಗಿ ಆಕ್ಸಲಿನ ಮೇಲೆ, ಗೋಣಿಚೀಲ ಹಾಸಿಕೊಂಡು ಕೂರುತ್ತಾರೆ. ಒಡತಿ ಅಂಗಳದಲ್ಲಿ ಉದ್ದಕ್ಕೆ ಓಡಿಸಿ, ಆಮೇಲೆ ನಿಧಾನವಾಗಿ ಸುತ್ತು ಹಾಕುತ್ತಾಳೆ. ಡಾಕ್ಟ್ರು ಗೋಡೆಗೊರಗಿ ಹೆಂಡತಿಯ ಮುಖವನ್ನೇ ನೋಡುತ್ತಾರೆ.

"ನಿಮ್ಮ ಊಂ ಇಲ್ಲ," ಎಂದು ಕೂಗುತ್ತಾರೆ ಆಕೆ. ಡಾಕ್ಟ್ರ ಭುಜ ಇಳಿಯುತ್ತದೆ, ಸಮಾಧಾನಕ್ಕೋ ಸೋಲಿಗೋ ತಿಳಿಯದು. "ಆದ್ರೆ ಇನ್ನೊಂದಿದೆ. ತಿರುಗಿಸಿದಾಗ ಕಟಕಟ ಅಂತಿದೆ. ಎಣ್ಣೆ ಒಣಗಿದ ಹೊಲಿಗೆ ಮಿಷಿನ್ ಸದ್ದು ಮಾಡೋ ಹಾಗೆ."

"ತಿರುವಲ್ಲಿ ಮಾತ್ರವಾ?"

"ತಿರುವಲ್ಲಿ ಮಾತ್ರ. ಚೆನ್ನಾಗಿ ಕೇಳಿಸ್ತಿದೆ, ನಿಮಗಿಲ್ವಾ?"

ಇಲ್ಲ. ಡಾಕ್ಟ್ರು ತೊಟ್ಟಿ ಹತ್ತಿ ಆಕೆಯ ಪಕ್ಕ ಅಂಗೈ ಊರಿ ಕೂರುತ್ತಾರೆ. ಗಾಡಿ ತಿರುಗುತ್ತಿದ್ದಂತೆ ಅಂಗೈಗೆ ಸಣ್ಣ ನಡುಕ ಸಿಗುತ್ತದೆ. ಇಳಿದವರೇ ನೇರವಾಗಿ ಎಣ್ಣೆ ಡಬ್ಬಗಳ ಮೂಲೆಗೆ ಹೋಗುತ್ತಾರೆ. ಹೊಸ ಡಿಫರೆನ್ಷಿಯಲ್ಲಿನ ತಟ್ಟೆಗಳಿಗೆ ಬೇರೆಯದೇ ಎಣ್ಣೆ ಬೇಕು. ಸೋಮವಾರ ಅದನ್ನೇ ಹಾಕಿದ್ದರು. ಮಂಗಳವಾರ ಇಲ್ಲದ ಸದ್ದಿನ ಬೆನ್ನುಹತ್ತಿ ಬಿಚ್ಚಿದವರು, ತಲೆಯೆಲ್ಲ ಆ ಊಂನಲ್ಲೇ ಇದ್ದುದರಿಂದ, ಮೂವತ್ತೆಂಟು ವರ್ಷದ ರೂಢಿಯಂತೆ ಹಳೆಯ ಡಬ್ಬದಿಂದ ಸುರಿದಿದ್ದರು.

"ಇಲ್ಲದ್ದನ್ನ ಹುಡುಕೋಕೆ ಹೋಗಿ ಇರೋದನ್ನ ಮಾಡಿಟ್ಟೆ," ಎನ್ನುತ್ತಾರೆ. ಒಡತಿಯ ಮುಂದೆ ತಪ್ಪನ್ನು ಮುಚ್ಚಿಡುವುದಿಲ್ಲ. "ತಂಗಿ, ನನ್ನ ಕಿವಿ ಕೈಕೊಟ್ಟಿದೆ. ಬೇಕಾದ್ರೆ ಬೇರೆಯವರ ಹತ್ರ ತೋರಿಸು."

ಒಡತಿ ಗಡಿಯಾರ ನೋಡುತ್ತಾಳೆ. "ಬೇರೆಯವರು ಯಾರಣ್ಣ? ಅವರೆಲ್ಲ ಕಳಿಸೋದು ನಿಮ್ಮ ಹತ್ರಕ್ಕೇ."

ಎಣ್ಣೆ ಬಸಿದು, ಸರಿಯಾದದ್ದು ತುಂಬಿಸಿ, ಅಂಗಳದಲ್ಲಿ ಎಂಟರ ಆಕಾರದಲ್ಲಿ ಇಪ್ಪತ್ತು ಸುತ್ತು ಹೊಡೆಸಿದ ಮೇಲೆ ಹೆಂಡತಿ ತಲೆಯಲ್ಲಾಡಿಸುತ್ತಾರೆ: ಕಟಕಟ ಇಲ್ಲ. ಒಂಬತ್ತೂವರೆಗೆ ಮೂವರೂ ಏರಿನ ಬುಡದಲ್ಲಿದ್ದಾರೆ. ಇಷ್ಟು ವರ್ಷದಲ್ಲಿ ತಾವು ದುರಸ್ತಿ ಮಾಡಿದ ಗಾಡಿ ಹೋಗುವ ಜಾಗಕ್ಕೆ ಡಾಕ್ಟ್ರು ಹೋಗುತ್ತಿರುವುದು ಇದೇ ಮೊದಲು. ಕಳೆದ ವರ್ಷ ಹೂತ ಜಾಗದಲ್ಲಿ ಎಡಚಕ್ರ ಕೆಸರಿಗಿಳಿದು ಒಮ್ಮೆ ಜಾರುತ್ತದೆ. ಹೆಂಡತಿ ಅವರ ಮೊಣಕೈ ಹಿಡಿಯುತ್ತಾರೆ. ಬಲಚಕ್ರ ಕಲ್ಲನ್ನು ಕಚ್ಚುತ್ತದೆ, ಗಾಡಿ ನಿಧಾನವಾಗಿ, ಏನೂ ಆಗಿಲ್ಲವೆಂಬಂತೆ, ಮೇಲೇರುತ್ತದೆ. ಕೊಡೆ ಹಿಡಿದು ನಿಂತಿದ್ದ ಮೇಷ್ಟ್ರು ಹತ್ತಿ ಕೂತು, ಇವರ್ಯಾರೆಂದು ಕೇಳುವುದೂ ಇಲ್ಲ.

ಅಂದಿನಿಂದ ಈ ಶೆಡ್ಡಿನಿಂದ ಹೊರಡುವ ಪ್ರತಿ ಗಾಡಿಯಲ್ಲೂ ಮೊದಲು ಹೆಂಡತಿ ಕೂರುತ್ತಾರೆ. ಕಿವಿಯಲ್ಲಿ ಊಂ ಶುರುವಾದ ಮೇಲೆ ಕಳಿಸಿದ ಹನ್ನೊಂದು ಗಾಡಿಗಳನ್ನೂ ಒಂದೊಂದಾಗಿ ಕರೆಸಿಕೊಂಡು ನೋಡುತ್ತಿದ್ದಾರೆ. ಆರು ಬಂದಿವೆ, ಆರೂ ಸರಿಯಿವೆ. ಆಗ ಕಿವಿ ಸರಿಯಿತ್ತೋ, ಕೈ ತಾನಾಗಿಯೇ ಕೆಲಸ ಮಾಡಿತೋ, ಅವರಿಗೆ ಬಗೆಹರಿದಿಲ್ಲ.

ನಿಮ್ಮ ಆಸೆಯೇನು ಎಂದು ಯಾರಾದರೂ ಕೇಳಿದರೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

"ಗಾಡಿ ಓಡಿಸೋರಿಗೆ ನನ್ನ ನೆನಪೇ ಬರಬಾರದು. ಬಂತು ಅಂದ್ರೆ ಏನೋ ಸದ್ದು ಬಂದಿದೆ ಅಂತ ಅರ್ಥ."