ಕೆಲಸವಿಲ್ಲದ ಎಡಗಾಲು

ನಮ್ಮ ಮನೆಯ ಶೋಕೇಸಿನಲ್ಲಿ, ಮಗಳ ಮದುವೆಯ ಫೋಟೋಕ್ಕೂ ಗಾಜಿನ ನವಿಲಿಗೂ ನಡುವೆ, ಒಂದು ಗೇರ್ ಹಿಡಿಕೆ ಇದೆ. ಕರ್ರಗಿನ ಗುಂಡು, ತಲೆಯ ಮೇಲಿನ ಅಂಕಿಗಳು ಅಂಗೈ ತಿಕ್ಕಿ ತಿಕ್ಕಿ ಅಳಿಸಿಹೋಗಿವೆ. ಹಳೆಯ ಕಾರು ಮಾರುವ ದಿನ ನಮ್ಮ ಮನೆಯವರು ಅದನ್ನು ಬಿಚ್ಚಿಕೊಂಡು, ಕೊಂಡವನಿಗೆ ಬೇರೊಂದು ಹಿಡಿಕೆ ಹಾಕಿಸಿ ಕೊಟ್ಟರು. ಈಗ ಅದರ ಧೂಳು ಒರೆಸುವುದು ನನ್ನ ಪಾಲಿಗೆ ಬಂದಿದೆ. ಇವತ್ತು ಬೆಳಿಗ್ಗೆ ಒರೆಸುತ್ತಿದ್ದಾಗ ಅದರಿಂದ ಇನ್ನೂ ಡೀಸೆಲ್ಲಿನ ವಾಸನೆ ಬಂದಂತಾಗಿ ನನ್ನ ತಲೆ ಕೆಟ್ಟಿತು. ತಲೆ ಕೆಟ್ಟ ಮೇಲೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ. ನೀವು ಸಿಕ್ಕಿದ್ದೀರಿ, ಸ್ವಲ್ಪ ಕುಳಿತುಕೊಳ್ಳಿ.

ನಾವು ಇಚಲಕರಂಜಿಯವರು. ಅಂದರೆ ಮಾವನವರು ಬೆಳಗಾವಿ ಕಡೆಯಿಂದ ಬಂದು ಇನ್ನೊಬ್ಬರ ಮಗ್ಗ ನಡೆಸಿದವರು. ಅವರ ಮಗ, ಅಂದರೆ ನಮ್ಮವರು, ಯಡ್ರಾವದಲ್ಲಿ ಸ್ವಂತದ ನಾಲ್ಕು ಪವರ್‌ಲೂಮ್ ಹಾಕಿದರು. ಮಗ್ಗದಿಂದ ಹೊಟ್ಟೆ ತುಂಬಿತು, ಆದರೆ ನಮ್ಮವರ ಜೀವ ಇದ್ದದ್ದು ಗಾಡಿಯಲ್ಲಿ. ಓಡಿಸುವುದೆಂದರೆ ಅವರಿಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದಲ್ಲ. ಕ್ಲಚ್ಚು ತುಳಿಯುವುದು, ಗೇರು ಬದಲಿಸುವುದು, ಎಂಜಿನ್ನಿನ ಸಪ್ಪಳಕ್ಕೆ ಕಿವಿ ಕೊಡುವುದು. ಏರು ಹತ್ತುವಾಗ ಮಾತು ನಿಲ್ಲಿಸಿ, ಕೈ ಎತ್ತಿ, "ಕೇಳಲ್ಲೆ, ಮೂರನೇ ಗೇರ್ ಬೇಡಾಕತ್ತೇತಿ" ಎನ್ನುತ್ತಿದ್ದರು. ಪಕ್ಕದಲ್ಲಿ ಕುಳಿತ ನಾನು ಕಾಗಲ್ ದಾಟಿದಾಗಿನಿಂದ ನೀರು ಬೇಡುತ್ತಿದ್ದೆ, ಅದು ಮಾತ್ರ ಅವರಿಗೆ ಕೇಳುತ್ತಿರಲಿಲ್ಲ.

ಇವರಿಗೆ ಜೋಡಿಯಾಗಿ ಒಬ್ಬ ಗೆಳೆಯ, ಬಂಡೂ ಅಂತ. ಕೊಲ್ಲಾಪುರದ ಮರಾಠಿ ಮನುಷ್ಯ, ಇವರಷ್ಟೇ ಹುಚ್ಚ. ರವಿವಾರ ಬಂತೆಂದರೆ ಇಬ್ಬರೂ ಒಂದೊಂದು ಗಾಡಿ ತೆಗೆದುಕೊಂಡು ಗಡಹಿಂಗ್ಲಜದ ಮೇಲಿಂದ ಆಜರಾ ದಾಟಿ ಘಟ್ಟದ ತುದಿಗೆ ಹೋಗಿ, ಒಂದು ಕಪ್ ಚಹಾ ಕುಡಿದು ತಿರುಗಿ ಬರುವುದು. ಯಾಕೆ ಹೋದಿರಿ ಎಂದರೆ ತಿರುವುಗಳಿವೆ ಅನ್ನುವರು. ತಿರುವು ನೋಡಲಿಕ್ಕೆ ಅಷ್ಟು ದೂರ ಹೋಗಬೇಕೆ, ನಮ್ಮ ಓಣಿಯಲ್ಲೇ ಬೇಕಾದಷ್ಟಿವೆ.

ನನ್ನ ಸಂಕಟ ಬೇರೆ ಇತ್ತು. ಗಡಹಿಂಗ್ಲಜದಲ್ಲಿ ನನ್ನ ತಂಗಿ ಸುನಂದಾ ಇದ್ದಾಳೆ. ರಸ್ತೆಯ ಬದಿಗೇ ಮನೆ, ಮುಂದಿನ ಕೋಣೆಯಲ್ಲಿ ಖಾರ ಕುಟ್ಟುವ ಯಂತ್ರ. ಗಂಡ ಹೆಂಡತಿ ಕೂಡಿ ನಡೆಸುತ್ತಿದ್ದರು. ಎರಡು ವರ್ಷದ ಹಿಂದೆ ಗಂಡ ಒಂದು ಮುಂಜಾನೆ ಹೃದಯ ನಿಂತು ಹೋಗಿಬಿಟ್ಟ, ಈಗ ಅವಳೊಬ್ಬಳೇ ನಡೆಸುತ್ತಾಳೆ. ನನಗೆ ಇದ್ದ ಆಸೆ ಒಂದೇ. ಅವಳ ಮನೆಗೆ ಯಾರನ್ನೂ ಕೇಳದೆ ಹೋಗಬೇಕು, ನನಗೆ ಏಳಬೇಕೆನಿಸಿದಾಗ ಏಳಬೇಕು. ಇದೇನು ಚಂದ್ರಲೋಕಕ್ಕೆ ಹೋಗುವ ಆಸೆಯೇ, ನೀವೇ ಹೇಳಿ.

ರವಿವಾರ ಇವರು ಅವಳ ಮನೆಯ ಮುಂದಿನಿಂದಲೇ ಹಾದುಹೋಗುತ್ತಿದ್ದರು. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಅನ್ನುತ್ತಾರೆ. ಸುನಂದಾ ಫೋನ್ ಮಾಡಿ, "ಅಕ್ಕಾ, ದಾಜಿ ಈಗ ಹಾದ ಹೋದ್ರು, ನಿನ್ನ ಯಾಕ ಕರಕೊಂಡ ಬಂದಿಲ್ಲ" ಎಂದು ಕೇಳುವಳು. ನಾನು ಇವರನ್ನು ಕೇಳಿದರೆ, "ಅದು ಡ್ರೈವ್. ಅದರಾಗ ಹೆಂಗಸರನ್ನ ಬೀಗರ ಮನಿಗಿ ಬಿಡೂದು ತರೂದು ಎಲ್ಲಾ ಬರೂದಿಲ್ಲ" ಎಂಬ ಉತ್ತರ. ಹೋಗಲಿ, ಎಸ್.ಟಿ. ಹಿಡಿಯುತ್ತೇನೆಂದರೆ, "ಮನ್ಯಾಗ ಗಾಡಿ ಇಟ್ಟಕೊಂಡ ಬಸ್ಸಿನ್ಯಾಗ ಹೊಂಟಾಳ ಅಂದ್ರ ಮಂದಿ ಏನ ಅಂತಾರ?" ಗಾಡಿಯೂ ಇಲ್ಲ, ಬಸ್ಸೂ ಇಲ್ಲ. ಹಬ್ಬಕ್ಕೋ ಕಾರ್ಯಕ್ಕೋ ಕರೆದುಕೊಂಡು ಹೋದರೆ ಚಹಾ ಬರುವುದರೊಳಗೆ ಹೊರಗಿನಿಂದ ಹಾರ್ನ್. ಮಗ್ಗದ ಮೇಲೆ ಯಾರೂ ಇಲ್ಲ, ನೂಲು ಹರಿದರೆ ನೋಡುವವರಿಲ್ಲ ಎಂಬ ನೆಪ. ಅವಳ ಗಂಡ ಸತ್ತ ದಿನವೂ ಮಣ್ಣು ಮುಗಿಸಿ ಅದೇ ಸಂಜೆ ನನ್ನನ್ನು ಹೊರಡಿಸಿಕೊಂಡು ಬಂದರು.

ನೀನೇ ಕಲಿಯಬಾರದಿತ್ತೆ ಎಂದು ನೀವು ಕೇಳುತ್ತೀರಿ. ಕಲಿತೆ ಸ್ವಾಮಿ. ಮದುವೆಯಾದ ಹೊಸದರಲ್ಲಿ ಯಡ್ರಾವದ ಬಯಲಿನಲ್ಲಿ ಇವರೇ ಕಲಿಸಲು ಕುಳಿತರು. "ಕ್ಲಚ್ ಹಗೂರಕ ಬಿಡು" ಎಂದರು. ಹಗುರವಾಗಿಯೇ ಬಿಟ್ಟೆ. ಗಾಡಿ ಮೇಕೆಯ ಹಾಗೆ ಎರಡು ಸಲ ಜಿಗಿದು ನಿಂತಿತು. "ಹಗೂರ ಅಂದ್ರ ಹಗೂರ, ನಿನಗ ತಿಳಿಯೂದಿಲ್ಲೇನ" ಎಂದರು. ಹಗುರ ಎಂಬುದಕ್ಕೆ ಅವರ ಹತ್ತಿರ ಬೇರೆ ಮಾತೇ ಇರಲಿಲ್ಲ, ಸಲಸಲಕ್ಕೂ ದನಿ ಮಾತ್ರ ಭಾರವಾಗುತ್ತಿತ್ತು. ಕೊನೆಗೆ ಸುಟ್ಟ ವಾಸನೆ ಬಂತು. ಅವರು ಕೆಳಗಿಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ಬಂದ ಕೂಸಿನ ತಲೆ ಮುಟ್ಟಿ ನೋಡುವವರಂತೆ ನಿಂತು, "ಇದು ನಿನಗ ಬಗೀ ಹರಿಯೂದಿಲ್ಲ" ಎಂದರು. ನಾನು ಹಟ ಹಿಡಿದು ಡ್ರೈವಿಂಗ್ ಶಾಲೆಗೆ ಹೋಗಿ ಲೈಸೆನ್ಸು ತಂದೆ. ಆಗೇನೆಂದರು ಗೊತ್ತೇ? "ಅದು ಸಾಲೀ ಗಾಡಿ, ಎಮ್ಮೀನೂ ಹೊಡೀತೇತಿ. ನನ್ನ ಗಾಡಿ ಕ್ಲಚ್ ಬ್ಯಾರೆ." ನಾನು ಸ್ಕೂಟಿ ಹಿಡಿದು ಕಾಯಿಪಲ್ಯಕ್ಕೆ ಓಡಾಡಿಕೊಂಡಿದ್ದೆ, ಮತ್ತು ಓಡಿಸದ ಕಾರಿನ ಲೈಸೆನ್ಸನ್ನು ತಪ್ಪದೆ ರಿನ್ಯೂ ಮಾಡಿಸುತ್ತಾ ಬಂದೆ. ನನ್ನಂಥ ಹುಚ್ಚಿ ಇನ್ನೊಬ್ಬಳಿರಲಿಕ್ಕಿಲ್ಲ.

ಹೋದ ವರ್ಷ ಬಂಡೂ ಕರೆಂಟಿನ ಕಾರು ತಂದ. ನಮ್ಮವರಿಗೆ ಅದು ಗೆಳೆಯ ಮೋಸ ಮಾಡಿದಂತಾಯಿತು. ಅದು ಗಾಡಿಯೇ ಅಲ್ಲ, ಮಿಕ್ಸರ್. ಗೇರ್ ಇಲ್ಲದ್ದನ್ನು ಓಡಿಸುವವನು ಗಂಡಸೇ ಅಲ್ಲ ಎಂದು ಒಂದು ವಾರ ಊಟಕ್ಕೆ ಕುಳಿತಾಗಲೆಲ್ಲ ಬೈದರು. ನಂತರದ ರವಿವಾರ ಬಂಡೂ ಅವರನ್ನು ಅದರಲ್ಲಿ ಕೂಡಿಸಿಕೊಂಡು ನಿಪ್ಪಾಣಿ ಆಚೆಯ ತವಂದಿ ಘಾಟ್ ಹತ್ತಿಸಿದ. ತಿರುಗಿ ಬಂದವರು ನೆಟ್ಟಗೆ ಊಟಕ್ಕೆ ಕುಳಿತರು. ಬಂಡೂ ಮಾತ್ರ ನನ್ನ ಕಡೆ ನೋಡಿ, "ವಹಿನಿ, ಗಾಡೀ ನಾಹೀ, ವಿಮಾನ ಆಹೇ" ಎಂದ, ಅಂದರೆ ಅತ್ತಿಗೆ, ಇದು ಗಾಡಿಯಲ್ಲ, ವಿಮಾನ. ನಮ್ಮವರು ಎರಡು ರೊಟ್ಟಿ ತಿಂದು, ಮೂರನೆಯದನ್ನು ಮುರಿಯುತ್ತಾ, "ಎಳತ ಭಾಳ ಚೊಲೋ ಐತಿ" ಎಂದರು. ಆ ಎಳೆತ ಅವರನ್ನು ಎಳೆದುಕೊಂಡೇ ಹೋಯಿತು. ಮಳೆಗಾಲ ಬರುವುದರೊಳಗೆ ನಮ್ಮ ಅಂಗಳದಲ್ಲೂ ಒಂದು ಬಂದು ನಿಂತಿತು.

ಸಪ್ಪಳವಿಲ್ಲದ ಗಾಡಿ ಇಚಲಕರಂಜಿಯವರಿಗೆ ಹೇಳಿ ಮಾಡಿಸಿದ್ದಲ್ಲ. ನಮ್ಮೂರಿನಲ್ಲಿ ಹಗಲಿಡೀ ಮಗ್ಗ ಖಟಖಟ ಎನ್ನುತ್ತಿರುತ್ತದೆ. ಆ ಸಪ್ಪಳದಲ್ಲಿ ನಮ್ಮವರು ಶೆಡ್ಡಿನಲ್ಲೇ ಗೊರಕೆ ಹೊಡೆಯುತ್ತಾರೆ. ಸಪ್ಪಳ ನಿಂತರೆ ದಡಕ್ಕನೆ ಎದ್ದು ಕೂಡುತ್ತಾರೆ. ಸುಮ್ಮನಾಯಿತೆಂದರೆ ಕರೆಂಟು ಹೋಯಿತು, ದುಡಿತ ಹೋಯಿತು. ಇಂಥ ಮನುಷ್ಯ ಕೊಲ್ಲಾಪುರದ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದರೆ ಏನಾದೀತು? ಸಪ್ಪಳವಿಲ್ಲ, ಬಂದ್ ಬಿದ್ದಿದೆ ಎಂದು ಗಾಬರಿಯಾಗಿ ಬಟನ್ ಒತ್ತುವರು. ಒತ್ತಿದ ಕೂಡಲೇ ಚಾಲೂ ಇದ್ದದ್ದು ನಿಜವಾಗಿಯೂ ಬಂದ್ ಆಗುವುದು. ಹಸಿರು ದೀಪ ಬಿದ್ದ ಮೇಲೆ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರೆ, "ಇದರ ಜೀವ ಐತೋ ಹೋಗೇತೋ ಹ್ಯಾಂಗ ತಿಳೀಬೇಕ" ಎಂದು ನನ್ನ ಮೇಲೆ ಹಾಯುವರು. ನಾನೇನು ಅದನ್ನು ಹೆತ್ತವಳೇ.

ಅದಕ್ಕಿಂತ ದೊಡ್ಡ ಕಾಟ ಎಡಗಾಲಿನದು. ಇಷ್ಟು ವರ್ಷ ಕ್ಲಚ್ಚು ತುಳಿದ ಕಾಲು ಅದು. ಹೊಸ ಗಾಡಿಯಲ್ಲಿ ಅದಕ್ಕೆ ಕೆಲಸವಿಲ್ಲ, ಆದರೆ ಕಾಲಿಗೆ ಯಾರು ಹೇಳಬೇಕು? ಶೋರೂಮಿನಿಂದ ಮನೆಗೆ ತರುವ ದಿನವೇ, ಹಾತಕಣಂಗಲೆ ಹತ್ತಿರ ರೋಡ್ ಹಂಪ್ ಬಂತು. ಅವರ ಎಡಗೈ ಇಲ್ಲದ ಗೇರು ಹುಡುಕಲು ಹೋಯಿತು, ಎಡಗಾಲು ಇಲ್ಲದ ಕ್ಲಚ್ಚನ್ನು ಬಲವಾಗಿ ತುಳಿಯಿತು. ಅಲ್ಲಿ ಇದ್ದದ್ದು ಅಗಲವಾದ ಬ್ರೇಕು. ಗಾಡಿ ಕಂಬಕ್ಕೆ ಕಟ್ಟಿದಂತೆ ನಿಂತಿತು. ನನ್ನ ಮಡಿಲಲ್ಲಿದ್ದ ಪೇಢೆಯ ಡಬ್ಬಿ ಮುಂದಿನ ಗಾಜಿಗೆ ಹೋಗಿ ಬಡಿಯಿತು. ಹಿಂದೆ ಬಟ್ಟೆಯ ಗಂಟು ಹೇರಿಕೊಂಡು ಬರುತ್ತಿದ್ದ ಟೆಂಪೋ ಕಿರ್ರನೆ ನಿಂತು, ಅದರ ಡ್ರೈವರ್ ಪಕ್ಕಕ್ಕೆ ಬಂದು ಬಗ್ಗಿ ನೋಡಿ, "ಕಾಯ ಕಾಕಾ, ಗಾಡೀ ಶಿಕ್ತಾಯ ಕಾಯ?" ಎಂದ. ಏನು ಕಾಕಾ, ಗಾಡಿ ಕಲಿಯುತ್ತಿದ್ದೀರಾ ಎಂದು. ಘಟ್ಟಗಳನ್ನೆಲ್ಲ ಅರೆದು ಕುಡಿದ ಮನುಷ್ಯನಿಗೆ ಈ ಮಾತು. ನನಗೆ ಪಾಪ ಅನ್ನಿಸಿತು, ನಗುವೂ ಬಂತು. ನಗುವೇ ಸ್ವಲ್ಪ ಹೆಚ್ಚು.

ಇದಕ್ಕೆ ಬಂಡೂನ ಹತ್ತಿರ ಔಷಧ ಇತ್ತು. ಎಡಗಾಲಿನ ಚಪ್ಪಲಿ ತೆಗೆದಿಡಬೇಕಂತೆ, ಬರಿಗಾಲಾದರೆ ಕಾಲಿಗೆ ತನಗೆ ಕೆಲಸವಿಲ್ಲವೆಂದು ನೆನಪಿರುತ್ತದಂತೆ. ಇಬ್ಬರೂ ಒಂದೊಂದೇ ಚಪ್ಪಲಿಯಲ್ಲಿ ಗಾಡಿ ಹೊಡೆಯತೊಡಗಿದರು. ನನ್ನನ್ನೂ ಕರೆದುಕೊಂಡು ಒಂದು ಕಾರ್ಯಕ್ಕೆ ಹೊರಟು ಕಾಗಲ್‌ನಲ್ಲಿ ಚಹಾಕ್ಕೆ ನಿಂತಾಗ ಇಬ್ಬರೂ ಮರೆತು ಹಾಗೆಯೇ ಇಳಿದು, ಊರಿನ ದೊಡ್ಡ ಮನುಷ್ಯರು ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಮಾತಾಡುತ್ತಾ ಹೋಟೆಲಿನೊಳಗೆ ಹೋದರು. ನಾನು ಗಾಡಿಯಲ್ಲೇ ಕುಳಿತೆ, ನನಗೂ ಇವರಿಗೂ ಸಂಬಂಧವಿಲ್ಲ ಎಂಬಂತೆ.

ಔಷಧ ಹತ್ತಲಿಲ್ಲ. ಒಂದು ದಿನ ಎಮ್ಮೆ ಅಡ್ಡ ಬಂದಾಗ ಬರಿಗಾಲೇ ಎಂಥ ಜೋರು ತುಳಿಯಿತೆಂದರೆ ಅವರ ಕತ್ತು ಉಳುಕಿತು. ಡಾಕ್ಟರು ಕೊರಳಿಗೆ ಪಟ್ಟಿ ಹಾಕಿ, ಕೆಲವು ದಿನ ಗಾಡಿ ಮುಟ್ಟಬೇಡಿ ಎಂದರು. ಪೂರ್ತಿ ಚಾರ್ಜ್ ಆದ ಗಾಡಿ ಅಂಗಳದಲ್ಲಿ, ಪೂರ್ತಿ ಸಿಟ್ಟಿನ ಗಂಡ ಪಡಸಾಲೆಯಲ್ಲಿ. ನಾನು ಬೀಗದ ಕೈ ತೆಗೆದುಕೊಂಡೆ.

"ಎಲ್ಲಿಗಿ?" ಎಂದರು.

"ಶೆಡ್ಡಿಗಿ. ನೀವೂ ಬರ್ರಿ, ಬಾಜೂಕ ಕುಂದರ್ರಿ" ಎಂದೆ.

ಯಡ್ರಾವದ ಅದೇ ಬಯಲಿನಲ್ಲಿ ಈಗ ಶೆಡ್ಡುಗಳಾಗಿವೆ, ನಡುವಿನ ದಾರಿಗಳು ಬೆಳಿಗ್ಗೆ ಖಾಲಿ ಇರುತ್ತವೆ. ನನ್ನ ಎಡಗಾಲು ಸಾಲೀ ಗಾಡಿಯ ಪಾಠವನ್ನು ಎಂದೋ ಮರೆತಿತ್ತು. ಅದು ಸುಮ್ಮನೆ ಇದ್ದಲ್ಲಿ ಇತ್ತು. ಬಲಗಾಲು ಒತ್ತಿದೆ, ಗಾಡಿ ಹೋಯಿತು. ಬಿಟ್ಟೆ, ನಿಧಾನವಾಯಿತು. ಇಷ್ಟೇ. ಇಷ್ಟಕ್ಕಾಗಿ ನನ್ನ ಅರ್ಧ ಆಯುಷ್ಯ ಹೋಯಿತೇ! ಇವರು ಕತ್ತು ತಿರುಗಿಸಲಾಗದೆ ಎದುರಿನ ಗಾಜಿಗೇ ಬುದ್ಧಿ ಹೇಳುತ್ತಿದ್ದರು. "ಹಗೂರ, ಹಗೂರ." ಅವರ ಎಡಗಾಲು ಕೆಳಗೆ ಚಾಪೆಯನ್ನು ತುಳಿಯುತ್ತಲೇ ಇತ್ತು. ಎಂಟು ದಿನ ಹೀಗೆ ನಡೆಯಿತು.

ಆಮೇಲೆ ಒಂದು ಮುಂಜಾನೆ ಸೀರೆ ಉಟ್ಟು, "ಸುನಂದಾನ ಕಡೆ ಹೋಗಿ ಬರತೇನ್ರಿ" ಎಂದೆ. ಕೇಳಲಿಲ್ಲ, ಹೇಳಿದೆ.

ಅವರು ಪಟ್ಟಿಯೊಳಗಿಂದ, "ಘಾಟ್ ಐತಿ. ನಾನೂ ಬರತೇನಿ ತಡಿ" ಎಂದರು.

"ಬ್ಯಾಡ್ರಿ" ಎಂದೆ. ಮದುವೆಯಾದಾಗಿನಿಂದ ಈ ಮಾತನ್ನು ಅವರಿಗೆ ಇಷ್ಟು ಶಾಂತವಾಗಿ ನಾನು ಹೇಳಿದ್ದೇ ಇಲ್ಲ. ಅವರಿಗೆ ಸಿಟ್ಟು ಬರಲಿಲ್ಲ, ಏನು ಮಾಡಬೇಕೆಂದು ತಿಳಿಯಲಿಲ್ಲ ಅಷ್ಟೇ.

ನಿಪ್ಪಾಣಿ ದಾಟಿತು, ಘಾಟ್ ಹತ್ತಿತು. ಲಾರಿಗಳ ಹಿಂದೆ ಹೆದರಿ ಹೆದರಿ ಹೋದದ್ದು ನಿಜ. ಸಂಕೇಶ್ವರದ ಹತ್ತಿರ ಒಬ್ಬ ಸೈಕಲ್ಲಿನವನು ನನ್ನನ್ನು ಹಿಂದೆ ಹಾಕಿದ. ಗಡಹಿಂಗ್ಲಜದಲ್ಲಿ ನಿಂತಾಗ ಸುನಂದಾ ಖಾರದ ಕೈಯಲ್ಲೇ ಹೊರಗೆ ಬಂದಳು. ಗಾಡಿಯ ಆಚೆ ಬಾಗಿಲಿನ ಕಡೆ ನೋಡಿ, "ದಾಜಿ ಎಲ್ಲಿ?" ಎಂದಳು.

"ಬಂದಿಲ್ಲ. ನಾನ ಹೊಡಕೊಂಡ ಬಂದೇನಿ."

ಅವಳು ಮತ್ತೊಮ್ಮೆ ಒಳಗೆ ಬಗ್ಗಿ ನೋಡಿದಳು. ನಂಬಿಕೆ ಬಾರದವಳಂತೆ ನನ್ನ ಕೈ ಹಿಡಿದುಕೊಂಡೇ ಒಳಗೆ ಕರೆದೊಯ್ದಳು.

ಚಹಾ ಮಾಡಿದಳು. ನಾನು ಕಪ್ಪು ತುಟಿಗೆ ಹಚ್ಚುವುದರೊಳಗೆ ಒಳಗಿನಿಂದ ಒಂದು ಚೀಲ ತಂದು ಹೊಸ್ತಿಲ ಹತ್ತಿರ ಇಟ್ಟಳು. ಖಾರಪುಡಿ, ಶೇಂಗಾ ಚಟ್ನಿ, ಹಪ್ಪಳ. ನಾನು ಹೊರಡುವಾಗ ಕೊಡುವ ಚೀಲ. ನಾನು ಬಂದ ಕೂಡಲೇ ಹೋಗುವವಳು ಎಂಬುದು ಅವಳ ಕೈಗೆ ಅಷ್ಟು ರೂಢಿಯಾಗಿತ್ತು. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದಲೋ ದುಃಖದಿಂದಲೋ ಹೇಳಲಾರೆ.

"ಅದನ್ನ ಒಳಗಿಡ ಸುನಂದಾ. ನನಗ ಗಡಬಡಿ ಇಲ್ಲ" ಎಂದೆ.

ಅವಳು ಚೀಲ ಒಳಗಿಟ್ಟಳು. ಯಂತ್ರ ಬಂದ್ ಮಾಡಿದಳು. ಹೊರಗೆ ಮೆಣಸಿನಕಾಯಿ ತಂದಿದ್ದವರಿಗೆ ಮಧ್ಯಾಹ್ನ ಬರಲು ಹೇಳಿದಳು. ಬಂದು ನನ್ನೆದುರು ನೆಲದ ಮೇಲೆ ಕುಳಿತಳು. ಹೀಗೆ ಸಾವಕಾಶವಾಗಿ ಎದುರುಬದುರು ಕುಳಿತ ಅಭ್ಯಾಸವೇ ನಮಗಿರಲಿಲ್ಲ. ಆಮೇಲೆ ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದಳು:

"ಅಕ್ಕಾ, ಅವರು ಹೋದ ದಿನ ಮುಂಜಾನೆ ಏನೇನಾತು ಅಂತ ನಾ ಯಾರ ಮುಂದೂ ಹೇಳಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಹೋದ್ರು. ಯಾರೂ ಕುಂತ ಕೇಳಲಿಲ್ಲ."

"ಹೇಳು" ಎಂದೆ.

ಆಕೆ ಆ ದಿನ ಹಾಲು ಕಾಯಲು ಇಟ್ಟಲ್ಲಿಂದ ಶುರು ಮಾಡಿದಳು. ಅವನು ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಗೊಣಗಿದ್ದು, ಅವಳು ತಿರುಗಿ ಬೈದದ್ದು, ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ ಕೂಗಿದ್ದು. ನಡುನಡುವೆ ಅತ್ತಳು, ಮತ್ತೆ ಹಿಂದಕ್ಕೆ ಹೋಗಿ ಬಿಟ್ಟದ್ದನ್ನು ಸೇರಿಸಿದಳು. ಹೊತ್ತು ಇಳಿದಾಗ ಇನ್ನೂ ಆ ಮುಂಜಾನೆಯ ಒಂಬತ್ತು ಗಂಟೆಯನ್ನೂ ಅವಳು ದಾಟಿರಲಿಲ್ಲ.

ಅದಾಗಿ ತಿಂಗಳಾಯಿತು. ಇವರ ಕೊರಳಿನ ಪಟ್ಟಿ ಹೋಗಿದೆ, ಎಡಗಾಲಿಗೆ ಇನ್ನೂ ಬುದ್ಧಿ ಬಂದಿಲ್ಲ. ಮೊನ್ನೆಯೂ ನಾನು ಗಡಹಿಂಗ್ಲಜಕ್ಕೆ ಹೊರಟಿದ್ದೆ. ಇವರು ಗೇಟಿನ ಹತ್ತಿರ ನಿಂತು, ಚಾರ್ಜ್ ನೋಡಿದಿಯೋ ಇಲ್ಲವೋ, ಟೈರಿನ ಗಾಳಿ ನೋಡಿದಿಯೋ ಇಲ್ಲವೋ ಎಂದು ತಲೆ ತಿಂದು, ಕೊನೆಗೆ ಕೇಳಿದರು:

"ಯಾವಾಗ ಬರತಿ?"

"ಗೊತ್ತಿಲ್ರಿ" ಎಂದೆ. "ಆಕೀದು ಹೇಳೂದು ಇನ್ನೂ ಮುಗದಿಲ್ಲ."